ಋಣದ ಲೆಕ್ಕ ಬೇರೆ, ರಜೆಯ ಲೆಕ್ಕ ಬೇರೆ

'ಮೇಡಂ, ಕೊಪ್ಪದ ಒಂದು ಬಟ್ಟೆ ಅಂಗಡಿಯಲ್ಲಿ ಆರು ವರ್ಷದಿಂದ ಕೆಲಸ ಮಾಡ್ತಿದ್ದೇನೆ. ನಮ್ಮ ಮನೆಯವರು ಎನ್.ಆರ್.ಪುರದ ಕಡೆ ಕಾಫಿ ಎಸ್ಟೇಟಲ್ಲಿ ರೈಟರ್. ಮಗಳು ಮೂರನೇ ಕ್ಲಾಸು, ಮಗ ಅಂಗನವಾಡಿ. ಈ ಸಲ ರಾಜ್ಯೋತ್ಸವಕ್ಕೆ ಮಗಳು ಡ್ಯಾನ್ಸಿಗೆ ಸೇರಿದ್ದಳು. ಒಂದು ತಿಂಗಳಿಂದ ಮನೆಯಲ್ಲಿ ಅದೇ ಮಾತು. ಆದರೆ ಅವತ್ತೂ ನಮ್ಮ ಅಂಗಡಿ ತೆಗೆದಿತ್ತು. ಬಾಗಿಲಿಗೆ ಬಾವುಟ ಕಟ್ಟಿದ್ದೂ ನಾನೇ, ಒಳಗೆ ಸೀರೆ ಮಡಿಚಿದ್ದೂ ನಾನೇ. ರಾತ್ರಿ ಅವಳು, "ಅಮ್ಮಾ, ಎಲ್ರಿಗೂ ರಜೆ, ನಿಂಗೆ ಮಾತ್ರ ಯಾಕಿಲ್ಲ?" ಅಂದಳು. ಉತ್ತರ ಹೇಳಕ್ಕೆ ಆಗ್ಲಿಲ್ಲ. ರಜೆ ಹಾಕಿದರೆ ಆ ದಿನದ ಸಂಬಳ ಕಟ್ ಆಗುತ್ತೆ. ನಮ್ಮ ಅಣ್ಣ (ಅಂಗಡಿ ಯಜಮಾನರನ್ನ ನಾವೆಲ್ಲ ಹಾಗೇ ಕರೆಯೋದು) ಕೆಟ್ಟವರಲ್ಲ. ನಮ್ಮ ಅಮ್ಮನಿಗೆ ಹುಷಾರು ತಪ್ಪಿದಾಗ ಅವರದೇ ಕಾರಲ್ಲಿ ಶಿವಮೊಗ್ಗದ ಆಸ್ಪತ್ರೆಗೆ ಕರ್ಕೊಂಡು ಹೋದವರು. ಅಂಥವರ ಹತ್ರ ರಜೆ, ಸಂಬಳ ಅಂತ ಬಾಯಿ ಬಿಡೋದು ಹೇಗೆ? ಮಾಡಿದ ಉಪಕಾರ ಮರೆತಳು ಅನ್ನಲ್ವಾ? ಮನೆಯವರು "ಇರೋ ಕೆಲಸ ಕಳ್ಕೋಬೇಡ" ಅಂತಾರೆ. ಅತ್ತೆ, "ಹಬ್ಬದ ದಿನ ದೀಪ ಹಚ್ಚೋಕೂ ಮನೇಲಿ ಹೆಣ್ಣು ದಿಕ್ಕಿಲ್ಲ" ಅಂತಾರೆ. ಎರಡು ವಾರದಿಂದ ಸರಿಯಾಗಿ ನಿದ್ದೆ ಇಲ್ಲ. ಅಂಗಡಿಯ ಟ್ರಯಲ್ ರೂಮಲ್ಲಿ ಬಾಗಿಲು ಹಾಕ್ಕೊಂಡು ಅಳ್ತೀನಿ. ನಾನು ಒಳ್ಳೆ ತಾಯಿ ಅಲ್ವಾ ಮೇಡಂ?'
— ಹೆಸರು ಬೇಡ, ಕೊಪ್ಪ

ಪ್ರೀತಿಯ ಸಹೋದರಿ,

ನಿಮ್ಮ ಕೊನೆಯ ಪ್ರಶ್ನೆಗೇ ಮೊದಲು ಉತ್ತರ ಹೇಳುತ್ತೇನೆ. ನೀವು ಒಳ್ಳೆಯ ತಾಯಿ. ಮಗಳ ಕುಣಿತ ನೋಡಲಾಗಲಿಲ್ಲ ಎಂದು ಎರಡು ವಾರ ನಿದ್ದೆಗೆಡುವವರು ಅದರ ಹೊರತು ಇನ್ನೇನಾಗಿರಲು ಸಾಧ್ಯ?

ಅವತ್ತಿನ ನಿಮ್ಮ ಸಂಕಟ ಸಣ್ಣದಲ್ಲ. 'ಒಂದು ಡ್ಯಾನ್ಸ್ ತಾನೆ, ಮುಂದಿನ ವರ್ಷ ನೋಡಿದರಾಯಿತು' ಎಂದು ಯಾರಾದರೂ ಸಮಾಧಾನ ಹೇಳಿರಬಹುದು. ಆದರೆ ಮೂರನೇ ಕ್ಲಾಸಿನ ಹುಡುಗಿ ಮುಂದಿನ ವರ್ಷ ನಾಲ್ಕನೇ ಕ್ಲಾಸಿನವಳು. ಆ ಕುಣಿತ, ಆ ಭಯ, ವೇದಿಕೆಯಿಂದ ಜನರ ನಡುವೆ ಅಮ್ಮನ ಮುಖ ಹುಡುಕಿದ ಆ ಒಂದು ಗಳಿಗೆ ಮತ್ತೆ ಬರುವುದಿಲ್ಲ. ಅದು ನಷ್ಟವೇ. ನಷ್ಟಕ್ಕೆ ಅಳುವುದು ದೌರ್ಬಲ್ಯವಲ್ಲ.

ಇದನ್ನು ಹೇಳುವಾಗ ನನಗೆ ನನ್ನ ಅಮ್ಮ ನೆನಪಾಗುತ್ತಾರೆ. ಅಡಿಕೆ ಕೊಯ್ಲಿನ ಕಾಲದಲ್ಲಿ ಬೇರೆಯವರ ಅಂಗಳದಲ್ಲಿ ಮೆಟ್ಟುಗತ್ತಿಯ ಮುಂದೆ ಕೂತು ರಾತ್ರಿಯವರೆಗೆ ಅಡಿಕೆ ಸುಲಿಯುತ್ತಿದ್ದವರು. ದೀಪಾವಳಿ ಬರುವುದೂ ಅದೇ ದಿನಗಳಲ್ಲಿ. ಅಂಟಿಗೆ ಪಂಟಿಗೆಯವರು ದೀಪ ಹಿಡಿದು, ಪದ ಹೇಳುತ್ತ ನಮ್ಮ ಮನೆ ಬಾಗಿಲಿಗೆ ಬಂದಾಗ ಎಷ್ಟೋ ವರ್ಷ ಅಮ್ಮ ಮನೆಯಲ್ಲಿರಲಿಲ್ಲ. ಇಷ್ಟು ವಯಸ್ಸಾದ ಮೇಲೆ ನನ್ನಲ್ಲಿ ಉಳಿದಿರುವುದು ಅಮ್ಮ ಇರಲಿಲ್ಲ ಎಂಬ ಸಿಟ್ಟಲ್ಲ. ಬಂದವರೇ ಕರೆ ಹಿಡಿದ ಕಪ್ಪು ಬೆರಳುಗಳಲ್ಲಿ ನನ್ನ ತಲೆ ಸವರಿ, 'ಏನೇನಾಯ್ತು ಹೇಳು' ಎಂದು ಕೂರುತ್ತಿದ್ದರಲ್ಲ, ಅದು ಉಳಿದಿದೆ. ಮಕ್ಕಳು ನಾವು ಹೆದರುವಷ್ಟು ಕಟ್ಟುನಿಟ್ಟಾಗಿ ಲೆಕ್ಕ ಇಡುವುದಿಲ್ಲ.

ನಿಮ್ಮ ಮಗಳ ಪ್ರಶ್ನೆಯನ್ನು ಇನ್ನೊಮ್ಮೆ ಓದಿ. 'ನೀನು ಯಾಕೆ ಬರಲಿಲ್ಲ?' ಎಂದು ಅವಳು ಕೇಳಲಿಲ್ಲ. 'ನಿಂಗೆ ಮಾತ್ರ ಯಾಕಿಲ್ಲ?' ಎಂದು ಕೇಳಿದಳು. ಅದರಲ್ಲಿ ದೂರು ಇಲ್ಲ. ತನ್ನ ಅಮ್ಮನಿಗೆ ಸಿಗಬೇಕಾದದ್ದು ಸಿಕ್ಕಿಲ್ಲವಲ್ಲ ಎಂಬ ಅನುಮಾನ ಇದೆ. ಅವಳ ಅನುಮಾನ ಸರಿಯಾಗಿದೆ ಎಂದು ಹೇಳಲಿಕ್ಕೇ ನಾನು ಇಷ್ಟು ಉದ್ದದ ಉತ್ತರ ಬರೆಯುತ್ತಿದ್ದೇನೆ.

ನವೆಂಬರ್ 1 ನಿಮಗೂ ರಜೆ. ಸಂಬಳ ಸಹಿತ ರಜೆ. 1956ರ ನವೆಂಬರ್ 1ರಂದು ಕನ್ನಡ ಮಾತಾಡುವ ಪ್ರದೇಶಗಳು ಒಂದಾದ ದಿನವೆಂದು ನಾವು ಬಾವುಟ ಹಾರಿಸುತ್ತೇವೆ, ಮಕ್ಕಳಿಂದ ನಾಡಗೀತೆ ಹಾಡಿಸುತ್ತೇವೆ. ಆ ನಾಡಗೀತೆ ಬರೆದ ಕುವೆಂಪು ಹುಟ್ಟಿದ ಹಿರೇಕೊಡಿಗೆ ನಿಮ್ಮದೇ ತಾಲೂಕಿನದು. ಆ ದಿನ ಶಾಲೆ, ಕಚೇರಿಗಳಿಗೆ ಮಾತ್ರ ಬಿಡುವು ಎಂದು ತುಂಬ ಜನ ತಿಳಿದಿದ್ದಾರೆ. ಹಾಗಿಲ್ಲ. ಕೈಗಾರಿಕಾ ಸಂಸ್ಥೆಗಳ ರಾಷ್ಟ್ರೀಯ ಮತ್ತು ಹಬ್ಬದ ರಜೆಗಳ ಬಗ್ಗೆ ನಮ್ಮ ರಾಜ್ಯದಲ್ಲಿ 1963ರ ಒಂದು ಕಾಯ್ದೆ ಇದೆ. 'ಕೈಗಾರಿಕಾ' ಎಂಬ ಹೆಸರು ನೋಡಿ ಇದು ಕಾರ್ಖಾನೆಯವರಿಗೆ ಮಾತ್ರ ಅಂದುಕೊಳ್ಳಬೇಡಿ. ಅಂಗಡಿಗಳು ಮತ್ತು ವಾಣಿಜ್ಯ ಸಂಸ್ಥೆಗಳೂ ಅದರಲ್ಲಿ ಬರುತ್ತವೆ. ಜನವರಿ 26, ಮೇ 1, ಆಗಸ್ಟ್ 15, ಅಕ್ಟೋಬರ್ 2, ನವೆಂಬರ್ 1, ಈ ಐದು ದಿನ ಮತ್ತು ಹಬ್ಬಗಳಿಗೆಂದು ಇನ್ನೂ ಐದು ದಿನ, ಒಟ್ಟು ವರ್ಷಕ್ಕೆ 10 ದಿನ ಸಂಬಳ ಕಡಿತವಿಲ್ಲದ ರಜೆ ಎಂದು ಆ ಕಾಯ್ದೆ ಹೇಳುತ್ತದೆ. ವಾರಕ್ಕೊಂದು ರಜೆ ಇದರ ಲೆಕ್ಕಕ್ಕೆ ಸೇರುವುದಿಲ್ಲ, ಅದು ಬೇರೆಯೇ.

ಆ ದಿನಗಳಲ್ಲಿ ಅಂಗಡಿ ತೆಗೆದು ನಿಮ್ಮಿಂದ ಕೆಲಸ ಮಾಡಿಸಿಕೊಂಡರೆ? ಅದಕ್ಕೂ ದಾರಿ ಇದೆ. ಆ ದಿನಕ್ಕೆ ಎರಡು ಪಟ್ಟು ಸಂಬಳ ಕೊಡಬೇಕು. ಇಲ್ಲವೇ ಆ ದಿನದ ಸಂಬಳ ಕೊಟ್ಟು, ಬದಲಿಗೆ ಬೇರೊಂದು ದಿನ ಸಂಬಳ ಸಹಿತ ರಜೆ ಕೊಡಬೇಕು. ಎರಡರಲ್ಲಿ ಯಾವುದು ಎಂದು ಆರಿಸಿಕೊಳ್ಳುವ ಮಾತು ಕೆಲಸ ಮಾಡಿದವರದು.

ಒಂದು ತಪ್ಪು ತಿಳಿವಳಿಕೆಯನ್ನೂ ಸರಿಪಡಿಸಬೇಕು. ಕ್ಯಾಲೆಂಡರಿನಲ್ಲಿ ಕೆಂಪಗೆ ಕಾಣುವ ಅಂಕಿಗಳೆಲ್ಲ ಅಂಗಡಿ ಕೆಲಸದವರ ರಜೆಗಳಲ್ಲ. ಅವು ಸರ್ಕಾರ ತನ್ನ ಕಚೇರಿಗಳಿಗೆ ಪ್ರತಿವರ್ಷ ಹೊರಡಿಸುವ ಪಟ್ಟಿಯವು. ಅದರಲ್ಲಿ ಕೊಡಗು ಜಿಲ್ಲೆಗೆ ಮಾತ್ರ ಎಂದು ಕೈಲ್ ಮುಹೂರ್ತ, ತುಲಾ ಸಂಕ್ರಮಣ, ಹುತ್ತರಿಗಳನ್ನೂ ಸೇರಿಸಿರುತ್ತಾರೆ. 'ಸರ್ಕಾರಿ ರಜೆ ಎಲ್ಲ ನಮಗೂ ಕೊಡಿ' ಎಂದು ಕೇಳಲು ಹೋದರೆ ಯಜಮಾನರು ಇಲ್ಲ ಅಂದಾರು, ಅದು ಅವರ ತಪ್ಪೂ ಅಲ್ಲ. ನಿಮ್ಮದು 10 ದಿನ. ಅಷ್ಟನ್ನು ಸ್ಪಷ್ಟವಾಗಿ ತಿಳಿದುಕೊಂಡರೆ ಮಾತು ಗಟ್ಟಿಯಾಗುತ್ತದೆ.

ಆ 10ರಲ್ಲಿ ಹಬ್ಬದ ಐದು ದಿನ ಯಾವುವು ಎಂಬುದನ್ನು ಕಾನೂನು ಎಲ್ಲರಿಗೂ ಒಂದೇ ಎಂದು ಬರೆದಿಟ್ಟಿಲ್ಲ ಎಂಬುದು ನನಗೆ ತುಂಬ ಇಷ್ಟವಾದ ವಿಷಯ. ಯಜಮಾನರು ಮತ್ತು ಕೆಲಸಗಾರರು ಇಬ್ಬರನ್ನೂ ವಿಚಾರಿಸಿ ಕಾರ್ಮಿಕ ನಿರೀಕ್ಷಕರು ಅದನ್ನು ಗೊತ್ತುಮಾಡಬೇಕು. ಅಂದರೆ ಬಲಿಪಾಡ್ಯಮಿಯ ಗೋಪೂಜೆ ಬೇಕೋ, ಭೂಮಿ ಹುಣ್ಣಿಮೆ ಬೇಕೋ, ರಂಜಾನ್ ಬೇಕೋ, ಕ್ರಿಸ್ಮಸ್ ಬೇಕೋ ಎಂದು ಹೇಳುವ ಬಾಯಿ ನಿಮಗೂ ಇದೆ. ಮಲೆನಾಡಿನ ಮನೆಗಳಿಗೆ ಭೂಮಿ ಹುಣ್ಣಿಮೆ ಎಷ್ಟು ದೊಡ್ಡದು ಎಂದು ಊರಾಚೆಯವರಿಗೆ ಗೊತ್ತಿಲ್ಲ. ರಾತ್ರಿಯೆಲ್ಲ ಅಡುಗೆ ಮಾಡಿ, ಬುಟ್ಟಿ ಹೊತ್ತು, ಬೆಳಕು ಹರಿಯುವ ಮೊದಲೇ ಗದ್ದೆಗೆ ಹೋಗಿ ಬಸುರಿ ಭೂಮಿತಾಯಿಗೆ ಬಡಿಸಿ ಬರುವ ಹಬ್ಬ. ಸರ್ಕಾರದ ಪಟ್ಟಿಯಲ್ಲಿ ಅದರ ಹೆಸರಿಲ್ಲ. ಅದೇ ಹುಣ್ಣಿಮೆಗೆ ವಾಲ್ಮೀಕಿ ಜಯಂತಿ ಬರುವುದರಿಂದ ಶಾಲೆಗೆ ರಜೆ ಇರುತ್ತದೆ, ಮಕ್ಕಳು ಮನೆಯಲ್ಲಿರುತ್ತಾರೆ, ನಿಮ್ಮಂಥವರು ಮಾತ್ರ ಗದ್ದೆಯಿಂದ ಬಂದು ಒಂಬತ್ತಕ್ಕೆ ಅಂಗಡಿ ಮೆಟ್ಟಿಲು ಹತ್ತುತ್ತಾರೆ.

ಇನ್ನು ನಿಮ್ಮನ್ನು ನಿಜವಾಗಿ ಕಾಡುತ್ತಿರುವ ವಿಷಯಕ್ಕೆ ಬರೋಣ. ಮಗಳ ವಿಷಯ ಕಾಡುವುದು ರಾತ್ರಿ. ಹಗಲಿಡೀ ಕಾಡುವುದು ಆ ಕಾರಿನ ನೆನಪು, ಅಲ್ಲವೇ?

ಆಗುಂಬೆ ಸೀಮೆಯ ಮಳೆ ಬೀಳುವ ಈ ಕಡೆ, ರಾತ್ರಿ ಹೊತ್ತು ಕಾಯಿಲೆಯವರನ್ನು ಕರೆದುಕೊಂಡು ಶಿವಮೊಗ್ಗಕ್ಕೆ ಹೋಗುವುದು ಎಂದರೇನು ಎಂದು ಇಲ್ಲಿ ಹುಟ್ಟಿದವರಿಗೆ ಗೊತ್ತು. ಆ ಉಪಕಾರ ದೊಡ್ಡದು. ಅದನ್ನು ಮರೆಯಿರಿ ಎಂದು ನಾನು ಹೇಳುವುದಿಲ್ಲ, ನೀವು ಮರೆಯುವವರೂ ಅಲ್ಲ. ನಿಮ್ಮ ಯಜಮಾನರು ಅವತ್ತು ಕಾರು ತೆಗೆದದ್ದು ಮನುಷ್ಯತ್ವದಿಂದ. ಅದಕ್ಕೆ ಪ್ರತಿಯಾಗಿ ಆರು ವರ್ಷ ರಾಜ್ಯೋತ್ಸವದ ರಜೆ ಬಿಟ್ಟುಕೊಡಬೇಕು ಎಂದು ಅವರು ಯಾವತ್ತಾದರೂ ಕೇಳಿದರೇ? ಇಲ್ಲ. ಆ ಬೆಲೆ ಕಟ್ಟಿದವರು ನೀವು. ಅವರ ಒಳ್ಳೆಯತನವನ್ನು ಅವರಿಗೇ ಗೊತ್ತಿಲ್ಲದ ಹಾಗೆ ಸಾಲ ಮಾಡಿಕೊಂಡು, ತಿಂಗಳು ತಿಂಗಳು ಸಂಬಳದಲ್ಲಿ ತೀರಿಸುತ್ತಾ ಇದ್ದೀರಿ. ಇದು ಅವರಿಗೂ ನ್ಯಾಯವಲ್ಲ.

ಋಣದ ಲೆಕ್ಕ ಬೇರೆ, ರಜೆಯ ಲೆಕ್ಕ ಬೇರೆ. ಅವರ ಮನೆಯಲ್ಲಿ ಮದುವೆಯಾದರೆ ನೀವು ಎರಡು ದಿನ ಮೊದಲೇ ಹೋಗಿ ತೆಂಗಿನಕಾಯಿ ಸುಲಿಯುತ್ತೀರಿ, ಅವರಿಗೆ ಕಷ್ಟ ಬಂದರೆ ರಾತ್ರಿ ಎದ್ದು ಓಡುತ್ತೀರಿ. ಋಣ ತೀರುವುದು ಹಾಗೆ. ಸಂಬಳ ಮತ್ತು ರಜೆ ನೀವು ನಿಂತು ಮಾಡಿದ ಕೆಲಸಕ್ಕೆ ಸಲ್ಲುವುದು. ಎರಡನ್ನೂ ಒಂದೇ ಚೀಲಕ್ಕೆ ಹಾಕಿದ್ದರಿಂದ ನಿಮಗೆ ಬಾಯಿ ಕಟ್ಟಿದ ಹಾಗಾಗಿದೆ.

'ಅಣ್ಣ' ಎಂದು ಕರೆಯುವುದರಲ್ಲಿ ಒಂದು ಸುಖವಿದೆ, ಒಂದು ತೊಡಕೂ ಇದೆ. ಅಣ್ಣನ ಹತ್ತಿರ ಸಂಬಳದ ಮಾತು ಎತ್ತಲು ನಾಚಿಕೆ. ಆದರೆ ಸ್ವಂತ ಅಣ್ಣನ ಹತ್ತಿರ ನಾವು ಏನನ್ನು ಕೇಳದೆ ಬಿಟ್ಟಿದ್ದೇವೆ ಹೇಳಿ? ಆ ಸಲುಗೆಯೇ ನಿಮಗೆ ಆಸರೆಯಾಗಬಹುದು.

ರಜೆ ಕೇಳುವುದು ನಾಚಿಕೆಯ ಕೆಲಸ ಎಂದು ಅನ್ನಿಸಿದಾಗ ಇದನ್ನು ನೆನೆಸಿಕೊಳ್ಳಿ. ಈ ದೇಶದ ಗಿರಣಿ ಕೆಲಸದವರಿಗೆ ಭಾನುವಾರದ ರಜೆ ಕೂಡ ತಾನಾಗಿ ಬಂದದ್ದಲ್ಲ. ಮುಂಬಯಿಯಲ್ಲಿ ನಾರಾಯಣ ಮೇಘಾಜಿ ಲೋಖಂಡೆ ಎಂಬುವರು ಗಿರಣಿ ಕೆಲಸದವರನ್ನು ಕಟ್ಟಿಕೊಂಡು ವರ್ಷಗಟ್ಟಲೆ ಕೇಳಿದ ಮೇಲೆ, 1890ರ ಜೂನ್ 10ರಂದು ಗಿರಣಿ ಮಾಲೀಕರು ಒಪ್ಪಿದರು. ನಾವು ಹುಟ್ಟಿನಿಂದ ನೋಡಿಕೊಂಡು ಬಂದ ಭಾನುವಾರವನ್ನೂ ಯಾರೋ ಒಮ್ಮೆ ಬಾಯಿಬಿಟ್ಟು ಕೇಳಿದ್ದಾರೆ.

ಈಗ ಏನು ಮಾಡಬಹುದು ಎಂದು ನೋಡೋಣ. ಎಲ್ಲವನ್ನೂ ಒಂದೇ ವಾರದಲ್ಲಿ ಮಾಡಬೇಕಿಲ್ಲ.

ಮೊದಲನೆಯದು ಅಂಗಡಿಯಲ್ಲಿ ಅಲ್ಲ, ಮನೆಯಲ್ಲಿ. ಇವತ್ತು ರಾತ್ರಿ ಊಟವಾದ ಮೇಲೆ ಮಗಳಿಗೆ ಅದೇ ಬಟ್ಟೆ ಹಾಕಿಸಿ. ಮೊಬೈಲಿನಲ್ಲಿ ಹಾಡು ಹಾಕಿ, ನಡುಮನೆಯಲ್ಲಿ ಅವಳು ಇನ್ನೊಮ್ಮೆ ಕುಣಿಯಲಿ. ಅತ್ತೆಯವರೂ ಕೂರಲಿ, ಮಗನೂ ಚಪ್ಪಾಳೆ ತಟ್ಟಲಿ. ಅವಳಿಗೆ ಬೇಕಾಗಿದ್ದದ್ದು ನಿಮ್ಮ ಕಣ್ಣು. ಆಮೇಲೆ ಅವಳ ಪ್ರಶ್ನೆಗೆ ನೇರವಾಗಿ ಉತ್ತರ ಹೇಳಿ: 'ನಂಗೂ ರಜೆ ಇದೆ ಪುಟ್ಟಾ. ನಾನು ಕೇಳಿರ್ಲಿಲ್ಲ. ಈಗ ಕೇಳ್ತೀನಿ.'

ಎರಡನೆಯದು, ಒಂದು ಚಿಕ್ಕ ನೋಟ್ ಪುಸ್ತಕ. ಈ ವರ್ಷ ಆ ಐದು ರಾಷ್ಟ್ರೀಯ ದಿನಗಳಲ್ಲಿ ಯಾವತ್ತು ಕೆಲಸ ಮಾಡಿದಿರಿ, ಯಾವತ್ತು ರಜೆ ಹಾಕಿ ಸಂಬಳ ಕಡಿತವಾಯಿತು ಎಂದು ನೆನಪಿದ್ದಷ್ಟು ಬರೆಯಿರಿ. ಇದು ಜಗಳಕ್ಕೆ ಸಾಕ್ಷಿ ಕೂಡಿಡುವುದಲ್ಲ. ಎದೆಯಲ್ಲಿ ಗೊಂದಲವಾಗಿ ಕೂತದ್ದು ಕಾಗದದ ಮೇಲೆ ನಾಲ್ಕು ಸಾಲಾದರೆ ಅದರ ಭಾರ ಇಳಿಯುತ್ತದೆ. ಮಾತಾಡುವಾಗಲೂ ಅಳು ಬರುವುದಿಲ್ಲ.

ನಂತರ ಯಜಮಾನರ ಹತ್ತಿರ ಮಾತು. ಇದಕ್ಕೆ ಹೊತ್ತು ನೋಡಬೇಕು. ಗಿರಾಕಿಗಳು ತುಂಬಿದಾಗ ಬೇಡ, ಸಂಬಳ ಎಣಿಸುವ ದಿನವೂ ಬೇಡ. ಡಿಸೆಂಬರ್ ಕೊನೆಗೆ ಅಂಗಡಿಗೆ ಹೊಸ ಕ್ಯಾಲೆಂಡರ್ ಬರುತ್ತದಲ್ಲ, ಅದನ್ನು ಗೋಡೆಗೆ ಹಾಕುವ ದಿನ ಚೆನ್ನಾಗಿರುತ್ತದೆ. ಜೊತೆಗೆ ಕೆಲಸ ಮಾಡುವ ಇನ್ನಿಬ್ಬರಿದ್ದರೆ ಅವರ ಹತ್ತಿರ ಮೊದಲೇ ಮಾತಾಡಿ, ಒಟ್ಟಿಗೆ ಹೋಗಿ. ಒಬ್ಬರೇ ಕೇಳಿದರೆ ಅದು ನಿಮ್ಮ ಕಷ್ಟ ಅನಿಸುತ್ತದೆ, ಮೂವರು ಕೇಳಿದರೆ ಅಂಗಡಿಯ ವ್ಯವಸ್ಥೆಯ ಮಾತಾಗುತ್ತದೆ. ಹೀಗೆ ಶುರುಮಾಡಬಹುದು: 'ಅಣ್ಣಾ, ಮುಂದಿನ ವರ್ಷದ ರಜೆ ಯಾವ್ಯಾವತ್ತು ಅಂತ ಈಗ್ಲೇ ಗುರುತು ಹಾಕಿಟ್ರೆ ನಮಗೆ ಮಕ್ಕಳ ಶಾಲೆಗೆ ಅನುಕೂಲ ಆಗುತ್ತೆ. ಐದು ರಾಷ್ಟ್ರೀಯ ರಜೆ, ಐದು ಹಬ್ಬದ್ದು ಸಂಬಳ ಹಿಡಿಯದೆ ಕೊಡ್ಬೇಕು ಅಂತ ಕಾನೂನಲ್ಲಿ ಇದೆಯಂತೆ. ವ್ಯಾಪಾರ ಇರೋ ದಿನ ನಾವು ಬರಲ್ಲ ಅಂತ ಹೇಳ್ತಿಲ್ಲ, ಅದಕ್ಕೆ ಬದಲಿ ರಜೆ ಕೊಡಿ.'

ಆ ಕೊನೆಯ ಮಾತನ್ನು ಬಿಡಬೇಡಿ. ಬಟ್ಟೆ ಅಂಗಡಿಗೆ ದೀಪಾವಳಿಯ ವಾರ ವರ್ಷದ ಅನ್ನ. ಅದು ನಿಮಗೂ ಗೊತ್ತು ಎಂದು ತೋರಿಸಿದರೆ ಅವರ ಎದೆ ಅರ್ಧ ತಣ್ಣಗಾಗುತ್ತದೆ. ಎಷ್ಟೋ ಸಣ್ಣ ಅಂಗಡಿಯವರಿಗೆ ಈ ಕಾಯ್ದೆ ಇರುವುದೇ ಗೊತ್ತಿರುವುದಿಲ್ಲ. ಅವರಪ್ಪನ ಕಾಲದಲ್ಲಿ ಹೇಗೆ ನಡೆಯುತ್ತಿತ್ತೋ ಹಾಗೇ ನಡೆಸಿಕೊಂಡು ಬಂದಿರುತ್ತಾರೆ. ಕಾರು ತೆಗೆದ ಮನುಷ್ಯ ಈ ಮಾತನ್ನೂ ಕೇಳಿಸಿಕೊಳ್ಳುತ್ತಾರೆ ಎಂದೇ ನಂಬಿಕೊಂಡು ಹೋಗಿ. ಅವತ್ತೇ ಉತ್ತರ ಕೊಡಿ ಎಂದು ನಿಲ್ಲಬೇಡಿ, ಯೋಚನೆ ಮಾಡಲು ಒಂದು ವಾರ ಬಿಡಿ.

ಒಪ್ಪದಿದ್ದರೆ? ನಿಮ್ಮ ಮನೆಯವರ ಭಯ ಸುಳ್ಳಲ್ಲ. ಪುಸ್ತಕದಲ್ಲಿ ಕಾನೂನು ಇದೆ ಎಂದ ಮಾತ್ರಕ್ಕೆ ಕೆಲಸ ಹೋದೀತೆಂಬ ಹೆದರಿಕೆ ಹೋಗುವುದಿಲ್ಲ. ಕೊಪ್ಪದಂಥ ಊರಲ್ಲಿ ಅಂಗಡಿಗಳು ಎಷ್ಟು, ಎಲ್ಲರೂ ಎಲ್ಲರನ್ನೂ ಬಲ್ಲರು. ಆದ್ದರಿಂದ ಸಿಟ್ಟಿನಲ್ಲಿ ಕೆಲಸ ಬಿಡಬೇಡಿ, ವಾಟ್ಸಾಪಿನಲ್ಲಿ ಏನನ್ನೂ ಬರೆಯಬೇಡಿ. ಕಾರ್ಮಿಕ ಇಲಾಖೆಯ ಸಹಾಯವಾಣಿ 155214ಕ್ಕೆ ಕರೆ ಮಾಡಿ, ಇಲ್ಲವೇ ನಿಮ್ಮ ಭಾಗದ ಕಾರ್ಮಿಕ ನಿರೀಕ್ಷಕರನ್ನು ಕಂಡು ಮೊದಲು ವಿಚಾರಿಸಿ. ವಿಚಾರಿಸುವುದೇ ದೂರು ಕೊಟ್ಟಂತಲ್ಲ. ಕಾನೂನು ಸೇವಾ ಪ್ರಾಧಿಕಾರದ 15100 ಸಂಖ್ಯೆಯಲ್ಲೂ ಸಲಹೆ ಸಿಗುತ್ತದೆ. ಹೆಣ್ಣುಮಕ್ಕಳಿಗೆ ಆದಾಯದ ಮಿತಿ ಇಲ್ಲದೆ ಉಚಿತ ಕಾನೂನು ನೆರವು ಇದೆ, ವಕೀಲರ ಖರ್ಚಿಗೆ ಹೆದರಬೇಕಾಗಿಲ್ಲ.

ಮನೆಯವರ ಜೊತೆಗೂ ಕೂತು ಮಾತಾಡಿ. ಅವರು ರೈಟರ್ ಅಂದಿರಿ. ಮಸ್ಟರ್ ರೋಲ್ ಬರೆಯುವ ಕೈ ಅವರದು. ಯಾವ ದಿನ ಕೂಲಿ, ಯಾವ ದಿನ ರಜೆ ಎಂಬ ಲೆಕ್ಕ ಅವರಿಗೆ ನಿಮಗಿಂತ ಚೆನ್ನಾಗಿ ಗೊತ್ತಿರಬೇಕು. ದೊಡ್ಡ ಕಾಫಿ, ಟೀ ಎಸ್ಟೇಟುಗಳೂ ಇದೇ ಕಾಯ್ದೆಗೆ ಸೇರುತ್ತವೆ. 'ಸುಮ್ಮನಿರು' ಎಂದು ಅವರು ಹೇಳುವುದು ಪ್ರೀತಿಯಿಂದಲೇ. 'ಹೇಗೆ ಕೇಳಲಿ, ನೀವೇ ಹೇಳಿಕೊಡಿ' ಎಂದು ಕೇಳಿ ನೋಡಿ, ಅವರು ನಿಮ್ಮ ಪಕ್ಕಕ್ಕೆ ಬಂದು ಕೂರುತ್ತಾರೆ.

ಇನ್ನೊಂದನ್ನು ಅವರಿಗೂ ಅತ್ತೆಯವರಿಗೂ ಕೇಳಿಸುವ ಹಾಗೆ ಹೇಳಬೇಕು. ನಮ್ಮಲ್ಲಿ ಹೆಂಗಸರಿಗೆ ರಜೆ ಸಿಕ್ಕಿತು ಎಂದರೆ ಅಡುಗೆಮನೆಗೆ ಇನ್ನೊಬ್ಬರು ಆಳು ಸಿಕ್ಕಿದ ಹಾಗೆ. ಅಂಗಡಿಯಿಂದ ಒಂದು ದಿನ ಬಿಡಿಸಿಕೊಂಡು ಬಂದು, ನಾಲ್ಕು ಗಂಟೆಗೆ ಎದ್ದು ಕಡುಬು ಬೇಯಿಸುತ್ತ, ಸಂಜೆಯವರೆಗೆ ಪಾತ್ರೆ ತೊಳೆಯುತ್ತ ಕಳೆದರೆ ಮಗಳ ಹತ್ತಿರ ನೀವು ಅವತ್ತೂ ಇರಲಿಲ್ಲ. ಅತ್ತೆಯವರ ಮಾತು ಕಟುವಾಗಿ ಕೇಳಿದರೂ, ಬಹುಶಃ ಅದರೊಳಗೆ ಇರುವುದು 'ಮನೆಯಲ್ಲಿ ಒಬ್ಬಳೇ ಆಗಿಬಿಟ್ಟೆ' ಎಂಬ ಬೇಸರ. ಹಬ್ಬದ ಕೆಲಸವನ್ನು ಮೂವರೂ ಹಂಚಿಕೊಳ್ಳಿ. ಎರಡು ಬಗೆ ಅಡುಗೆ ಕಡಿಮೆಯಾದರೆ ದೇವರು ಬೇಸರಿಸುವುದಿಲ್ಲ.

ನಿದ್ದೆ ಇಲ್ಲ, ಟ್ರಯಲ್ ರೂಮಿನಲ್ಲಿ ಅಳುತ್ತೇನೆ ಎಂದಿರಿ. ಇದನ್ನು ನಾನು ಲಘುವಾಗಿ ತೆಗೆದುಕೊಂಡಿಲ್ಲ. ಮಾತಾಡಿ ಹಗುರಾದ ಮೇಲೂ ನಿದ್ದೆ ಬರದಿದ್ದರೆ, ಊಟ ಸೇರದಿದ್ದರೆ, ಯಾವುದರಲ್ಲೂ ಮನಸ್ಸು ನಿಲ್ಲದಿದ್ದರೆ 14416ಕ್ಕೆ ಕರೆ ಮಾಡಿ. ಟೆಲಿ ಮಾನಸ್ ಎಂಬ ಸರ್ಕಾರಿ ಸಹಾಯವಾಣಿ ಅದು. ಹಗಲು ರಾತ್ರಿ ಇರುತ್ತದೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ. ತಾಲೂಕು ಆಸ್ಪತ್ರೆಯ ವೈದ್ಯರಿಗೂ ಸಂಕೋಚವಿಲ್ಲದೆ ಹೇಳಿ. ಜ್ವರಕ್ಕೆ ಹೋಗುವ ಹಾಗೇ ಇದಕ್ಕೂ ಹೋಗಬೇಕು.

ಇದನ್ನು ಓದುತ್ತಿರುವ ಇನ್ನೂ ಕೆಲವರು ನನ್ನ ಕಣ್ಣ ಮುಂದೆ ಇದ್ದಾರೆ. ನವರಾತ್ರಿಯಲ್ಲಿ ಶೃಂಗೇರಿಗೆ ಜನ ಸಾಗರವಾಗಿ ಬರುವಾಗ ಲಾಡ್ಜಿನ ಹಾಸಿಗೆ ಬದಲಿಸುವವರು, ಹೋಟೆಲಿನಲ್ಲಿ ತಟ್ಟೆ ಎತ್ತುವವರು, ವಾರದ ಕೊನೆಗೆ ಹೋಂಸ್ಟೇಗಳಲ್ಲಿ ನೀರು ಕಾಯಿಸುವವರು. ಬೇರೆಯವರ ರಜೆ ಎಂದರೆ ಇವರಿಗೆ ದುಡಿಮೆ. ಬದಲಿ ರಜೆಯ ಮಾತು ಇವರಿಗೆ ಇನ್ನೂ ಹೆಚ್ಚು ಬೇಕು. ಸಣ್ಣ ಅಡಿಕೆ ತೋಟಕ್ಕೆ ದಿನಗೂಲಿಗೆ ಹೋಗುವವರಿಗೆ ಮಾತ್ರ ಈ ಕಾಯ್ದೆಯ ಕೈ ತಲುಪುವುದು ಕಷ್ಟ. ಅವರಿಗೆ ಕೆಲಸವಿಲ್ಲದ ದಿನ ಕೂಲಿಯೂ ಇಲ್ಲ. ಅಲ್ಲಿ ತೋಟದವರ ಮನಸ್ಸೇ ಕಾನೂನು. ಹಬ್ಬದ ದಿನದ ಕೂಲಿಯನ್ನು ಕೊಟ್ಟು ಕಳಿಸುವ ಮನೆಗಳೂ ಮಲೆನಾಡಿನಲ್ಲಿ ಇವೆ. ಓದುವವರಲ್ಲಿ ಅಂಗಡಿ, ತೋಟ, ಹೋಂಸ್ಟೇ ನಡೆಸುವವರಿದ್ದರೆ ನನ್ನ ಕೋರಿಕೆ ಇಷ್ಟೇ: ನಿಮ್ಮನ್ನು ಅಣ್ಣ, ಅಕ್ಕ ಎಂದು ಕರೆಯುವವರು ಬಾಯಿಬಿಟ್ಟು ಕೇಳುವವರೆಗೆ ಕಾಯಬೇಡಿ.

ಸಹೋದರಿ, ಹೊಸ ಕ್ಯಾಲೆಂಡರಿನಲ್ಲಿ ನವೆಂಬರ್ ಹಾಳೆ ಮಗುಚಿ, ಒಂದನೇ ತಾರೀಖಿನ ಸುತ್ತ ಮಗಳ ಕೈಯಲ್ಲೇ ಒಂದು ಸುತ್ತು ಹಾಕಿಸಿ. ಯಜಮಾನರ ಹತ್ತಿರ ಮಾತಾಡಿದ ಮೇಲೆ ಏನಾಯಿತು ಎಂದು ನನಗೆ ಬರೆಯಿರಿ. ಜನವರಿಯಲ್ಲಿ ನಿಮ್ಮ ಕಾಗದಕ್ಕೆ ಕಾಯುತ್ತಿರುತ್ತೇನೆ.